ಚಿತ್ರದುರ್ಗದ ವಿಶ್ರಾಂತಿ ದಿನಕ್ಕೆ ಒಂದೇ ಭೇಟಿ ಸಾಕು

ದೇಣಿಗೆ ಸಂಗ್ರಹದ ಬೆಂಗಳೂರು–ಹಂಪಿ ಸೈಕಲ್ ಯಾತ್ರೆಯಲ್ಲಿ ಚಿತ್ರದುರ್ಗದ ವಿಶ್ರಾಂತಿ ದಿನ ನಾಲ್ಕು ಕಡೆ ಭೇಟಿ ಕೊಟ್ಟು, ಮರುದಿನ ಎಲ್ಲರೂ ಸುಸ್ತಾದರು ಅಂದಿದ್ದೀರಿ. ಕಾರಣ ಓಡಾಟಕ್ಕಿಂತ ಹೆಚ್ಚಾಗಿ ಬಿಸಿಲಲ್ಲಿ ನಡೆಯುವ ಸನ್ಮಾನ, ಭಾಷಣ. 200 ಕಿಲೋಮೀಟರ್ ತುಳಿದ ಕಾಲಿಗೆ ಸುಮ್ನೆ ನಿಲ್ಲೋದೇ ಜಾಸ್ತಿ ಕಷ್ಟ.

ಮೊದಲು ಒಂದೇ ಭೇಟಿ ಇಟ್ಟುಕೊಳ್ಳಿ. ಅದು ನಿಮ್ಮ ದೇಣಿಗೆ ಹೋಗುವ ಶಾಲೆಯೇ ಆಗಿರಲಿ. ಸರ್ಕಾರಿ ಶಾಲೆಯಾದರೆ ಮುಖ್ಯ ಶಿಕ್ಷಕರಿಗೂ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೂ ಮುಂಚೆಯೇ ಪತ್ರ ಕೊಡಿ. ಶನಿವಾರವಾದರೆ ಬೆಳಗಿನ ತರಗತಿ ಮಾತ್ರ, ನೆನಪಿರಲಿ. ಹಾರ, ಶಾಲು ಬೇಡ ಅಂತ ಅದೇ ಪತ್ರದಲ್ಲಿ ಬರೆಯಿರಿ. ನಾವು ಹೋದ ಒಂದು ಶಾಲೆಯಲ್ಲಿ ಮಕ್ಕಳು ಒಂದೂವರೆ ಗಂಟೆ ಅಂಗಳದಲ್ಲಿ ಕಾದಿದ್ದರು. ಮುಂದಿನ ಸಾಲಿನ ಪುಟ್ಟ ಹುಡುಗಿ ಸುಡುವ ನೆಲದ ಮೇಲೆ ಒಂದೊಂದೇ ಕಾಲು ಎತ್ತಿ ಎತ್ತಿ ನಿಂತಿದ್ದಳು. ನಿಮ್ಮಿಂದ ಹಾಗಾಗೋದು ಬೇಡ.

ಭಾಷಣದ ಬದಲು ಎರಡು ಸೈಕಲ್ ಒಯ್ದು ಪಂಕ್ಚರ್ ಹಾಕೋದು ತೋರಿಸಿ. ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಹುಡುಕುವ ಕೆಲಸ ಮಕ್ಕಳಿಗೇ ಬಿಡಿ, ಮುಗಿಬಿದ್ದು ಮಾಡುತ್ತಾರೆ. ಫೋಟೊಗೆ ಮುಂಚೆ ಶಿಕ್ಷಕರನ್ನು ಕೇಳಿ. ಬಿಸಿಯೂಟದ ಹೊತ್ತಿಗೆ ಹೊರಟುಬಿಡಿ.

ಮಧ್ಯಾಹ್ನ ಊಟ, ನಿದ್ದೆ. ಸಂಜೆ ಅರ್ಧ ಗಂಟೆ ಹಗುರವಾಗಿ ತುಳಿಯಿರಿ. ಕೋಟೆ ಹತ್ತೋದು ಮಂಡಿ ನೋವಿದ್ದವರಿಗೆ ಬೇಡ.

ಇಷ್ಟರಿಂದಲೇ ಸುಸ್ತು ಪೂರ್ತಿ ಹೋಗುತ್ತೆ ಅನ್ನಲಾರೆ, ನೀರು–ಉಪ್ಪು ಸಾಲದೆಯೂ ಇರಬಹುದು. ದಿನವಿಡೀ ಉಪ್ಪು ಹಾಕಿದ ಮಜ್ಜಿಗೆ ಕುಡಿಸಿ. ರಾತ್ರಿಯೂ ಮೂತ್ರ ಗಾಢ ಹಳದಿ ಇದ್ದವರನ್ನು ಮರುದಿನ ಜೊತೆಗಿನ ವಾಹನದಲ್ಲಿ ಕೂರಿಸಿ.