ಇಂಗ್ಲೆಂಡ್–ಸ್ಕಾಟ್ಲೆಂಡ್ ನಡುವಿನ ರೌಸ್ ಕಪ್ ಫುಟ್‌ಬಾಲ್ ಟೂರ್ನಿ ಐದೇ ವರ್ಷಕ್ಕೆ ನಿಂತಿದ್ದು ಯಾಕೆ?

ಮುಖ್ಯ ಕಾರಣ, ಅಭಿಮಾನಿಗಳ ಹೊಡೆದಾಟ. 1989ರಲ್ಲಿ ಗ್ಲಾಸ್ಗೋದಲ್ಲಿ ನಡೆದ ಪಂದ್ಯದ ವೇಳೆ ಮತ್ತೆ ಗಲಾಟೆಯಾಯಿತು. ಅಲ್ಲಿಗೆ ಕಪ್ ಮುಗಿಯಿತು.

ಇದು ಶುರುವಾಗಿದ್ದೇ ಒಂದು ಖಾಲಿ ಜಾಗ ತುಂಬಲು. ಬ್ರಿಟನ್ನಿನ ನಾಲ್ಕು ತಂಡಗಳು ಪ್ರತಿವರ್ಷ ಆಡುತ್ತಿದ್ದ ಹಳೆಯ ಟೂರ್ನಿ 1984ಕ್ಕೆ ನಿಂತಿತು. ಆದರೆ ಇಂಗ್ಲೆಂಡ್–ಸ್ಕಾಟ್ಲೆಂಡ್ ಪಂದ್ಯ 1872ರಿಂದ ಬಂದದ್ದು, ಜಗತ್ತಿನ ಮೊದಲ ಅಧಿಕೃತ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯವೇ ಅದು. ಅದನ್ನು ಸುಮ್ನೆ ಬಿಡಲು ಯಾರಿಗೆ ಮನಸ್ಸು ಬರುತ್ತೆ? ಹಾಗಾಗಿ 1985ರಲ್ಲಿ, ಫಿಫಾದ ಮಾಜಿ ಅಧ್ಯಕ್ಷ ಸರ್ ಸ್ಟ್ಯಾನ್ಲಿ ರೌಸ್ ಹೆಸರಲ್ಲಿ ಈ ಕಪ್ ಇಟ್ಟರು. ಮೊದಲ ವರ್ಷ ಸ್ಕಾಟ್ಲೆಂಡ್ 1–0, ಮರುವರ್ಷ ಇಂಗ್ಲೆಂಡ್ 2–1 ಗೆದ್ದವು.

ತೊಂದರೆ ಇದ್ದದ್ದು ಇಲ್ಲಿ: ಇದು ಸೌಹಾರ್ದ ಕಪ್. ಗೆದ್ದರೆ ವಿಶ್ವಕಪ್‌ಗೆ ದಾರಿ ಸಿಗುವುದಿಲ್ಲ, ಸೋತರೆ ನಷ್ಟವೂ ಇಲ್ಲ. ಆದರೆ ನೆರೆಹೊರೆಯ ಹಟ ಮಾತ್ರ ಪೂರ್ತಿ ಇತ್ತು. ಆಡಲೇಬೇಕಾದ ಪಂದ್ಯವಾಗಿದ್ದರೆ ಎಷ್ಟೇ ಪೊಲೀಸರನ್ನು ಹಾಕಿಯಾದರೂ ನಡೆಸಬೇಕಾಗುತ್ತದೆ. ಇದನ್ನು ಕೈಬಿಡುವುದು ಸುಲಭ, ಅಲ್ವಾ?

ಮೂರನೇ ತಂಡವಾಗಿ 1987ರಲ್ಲಿ ಬ್ರೆಜಿಲ್, ಆಮೇಲೆ ಕೊಲಂಬಿಯಾ, ಚಿಲಿ ಬಂದವು. ಬ್ರೆಜಿಲ್ ಬಂದ ವರ್ಷವೇ ಕಪ್ ಒಯ್ದಿತು! ಆದರೂ ಮೂಲ ಸಮಸ್ಯೆ ಹಾಗೇ ಉಳಿಯಿತು.

ಫುಟ್‌ಬಾಲ್ ಪ್ರೀತಿಸುವವರಿಗೆ ನಿಜಕ್ಕೂ ಬೇಸರದ ವಿಷಯ ಇದು: ಹೆಚ್ಚುಕಡಿಮೆ ಪ್ರತಿವರ್ಷ ಎದುರಾಗುತ್ತಿದ್ದ ಈ ಎರಡು ತಂಡಗಳು ಮತ್ತೆ ಮುಖಾಮುಖಿಯಾಗಿದ್ದು 1996ರ ಯೂರೋ ಕಪ್‌ನಲ್ಲಿ.