ಹೀಟರ್ ಪ್ಲಗ್ಗೋ, ರಿಲೇಯೋ? ಮೊದಲು ಮೀಟರ್ ಹೇಳಲಿ

ಪ್ರಶ್ನೆ: ಮೇಷ್ಟ್ರೇ, ನಂದು ಹಳೇ ನಾಲ್ಕು ಸಿಲಿಂಡರ್ ಡೀಸೆಲ್ ಪಿಕಪ್. ಬೆಳಗಿನ ಜಾವ ನಾಲ್ಕಕ್ಕೆಲ್ಲ ಟೊಮೊಟೊ, ಬೀನ್ಸ್ ಹೇರ್ಕೊಂಡು ಮೈಸೂರಿನ ಬಂಡಿಪಾಳ್ಯ ಮಾರ್ಕೆಟ್‌ಗೆ ಹೊರಡಬೇಕು. ಚಳಿ ಶುರುವಾದಾಗಿನಿಂದ ಸೆಲ್ಫ್ ಹೊಡೆದು ಹೊಡೆದು ಸಾಕಾಗ್ತದೆ. ಹಿಡ್ಕೊಂಡ ಮೇಲೂ ಒಂದೆರಡು ನಿಮಿಷ ಬಿಳಿ ಹೊಗೆ, ಗಾಡಿ ಗಡಗಡ ನಡುಗ್ತದೆ. ಮಧ್ಯಾಹ್ನ ಮಾತ್ರ ಒಂದೇ ಏಟಿಗೆ ಸ್ಟಾರ್ಟು. ನಾಲ್ಕೂ ಹೀಟರ್ ಪ್ಲಗ್ ಹೊಸದು ಹಾಕ್ಸು, ಬ್ಯಾಟರೀನೂ ಹಾಕ್ಸು ಅಂತಾರೆ ಗ್ಯಾರೇಜಿನವರು. ಪ್ಲಗ್ ನಾನೇ ಮನೆ ಮುಂದೆ ಹಾಕ್ಕೋಬಹುದಾ? ಬಿಚ್ಚುವಾಗ ಮುರಿದ್ರೆ ಹೆಡ್ಡೇ ಇಳಿಸಬೇಕು ಅಂತ ಪಕ್ಕದ ಮನೆ ಅಣ್ಣ ಹೆದರಿಸ್ತಾವ್ರೆ.
(ಹೆಸರು ಬೇಡ ಎಂದವರು, ಪಾಂಡವಪುರ ತಾಲ್ಲೂಕು)

ಉತ್ತರ: ಹಾಕಿಕೊಳ್ಳಬಹುದು ತಮ್ಮಾ. ನಿಮ್ಮ ಅಣ್ಣ ಹೇಳಿದ್ದೂ ಸುಳ್ಳಲ್ಲ, ಅದಕ್ಕೆ ಆಮೇಲೆ ಬರೋಣ. ನನ್ನ ತಕರಾರು ಇರುವುದು 'ನಾಲ್ಕೂ ಹಾಕ್ಸು' ಅನ್ನುವ ಮಾತಿನ ಮೇಲೆ. ಯಾವುದು ಸತ್ತಿದೆ ಅಂತ ನೋಡಿ ಹೇಳಿದ ಮಾತು ಅದಲ್ಲ.

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಗಾಳಿಯನ್ನು ಒತ್ತಿದ ಬಿಸಿಗೇ ಡೀಸೆಲ್ ಹತ್ತಿಕೊಳ್ಳುತ್ತದೆ. ತಣ್ಣಗಿರುವ ಕಬ್ಬಿಣ ಆ ಬಿಸಿಯನ್ನು ಹೀರಿಬಿಟ್ಟರೆ ಹತ್ತುವುದಿಲ್ಲ. ಆಗ ನೆರವಿಗೆ ಬರುವುದು ಹೀಟರ್ ಪ್ಲಗ್. ಕೀ ತಿರುಗಿಸಿದಾಗ ಅದರ ತುದಿ 800 ಡಿಗ್ರಿ ದಾಟಿ ಕೆಂಪಗೆ ಕಾಯುತ್ತದೆ. ಬಿಳಿ ಹೊಗೆ ಅಂದರೆ ಉರಿಯದೆ ಹೊರಬಿದ್ದ ಡೀಸೆಲ್, ಮೂಗಿಗೇ ಗೊತ್ತಾಗುತ್ತದೆ. ನಡುಕ ಅಂದರೆ ಒಂದೋ ಎರಡೋ ಸಿಲಿಂಡರ್ ಇನ್ನೂ ಎದ್ದಿಲ್ಲ. ಹಾಗಾಗಿ ನಿಮ್ಮ ಲಕ್ಷಣ ಪ್ಲಗ್ಗಿನ ಕಡೆಗೇ ಬೊಟ್ಟು ಮಾಡುತ್ತಿದೆ, ಒಪ್ಪುತ್ತೇನೆ. ಹೊಗೆ ಡೀಸೆಲ್ ವಾಸನೆ ಬಿಟ್ಟು ಸಿಹಿ ಸಿಹಿ ಅನ್ನಿಸಿ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಕಥೆ ಬೇರೆ, ಅದು ಹೆಡ್ ಗ್ಯಾಸ್ಕೆಟ್ಟಿನದು.

ಇನ್ನೊಂದು ವಿಷಯ. ಮಂಡ್ಯದ ಚಳಿ ಎಷ್ಟಪ್ಪಾ? ಜನವರಿಯ ಮುಂಜಾವು 15-16 ಡಿಗ್ರಿ. ಡೀಸೆಲ್ ಮೊದಲು ಪಕ್ಕದ ಪುಟ್ಟ ಕೋಣೆಯಲ್ಲಿ ಹತ್ತಿಕೊಳ್ಳುವ ಹಳೇ ಪ್ರೀ ಚೇಂಬರ್ ಎಂಜಿನ್ ಅಷ್ಟಕ್ಕೇ ಮುನಿಸಿಕೊಳ್ಳುತ್ತದೆ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ತಲೆಗೆ ವೈರ್ ಸಾಕೆಟ್ ಇರುವ ಹೊಸ ಬಗೆಯ ಕಾಮನ್ ರೈಲ್ ಎಂಜಿನ್ ಆಗಿದ್ದರೆ ಈ ಚಳಿಗೆ ಪ್ಲಗ್ ಇಲ್ಲದೆಯೂ ಸಾಮಾನ್ಯವಾಗಿ ಹಿಡಿಯಬೇಕು. ಅದು ಹಿಡಿಯುತ್ತಿಲ್ಲ ಅಂದರೆ ಬ್ಯಾಟರಿ, ಡೀಸೆಲ್ ಫಿಲ್ಟರಿನಲ್ಲಿ ಗಾಳಿ, ಕಂಪ್ರೆಷನ್ ಇವನ್ನು ಮೊದಲು ನೋಡಿ.

ಈಗ ಪರೀಕ್ಷೆ. ಒಂದು ಸಾದಾ ಮಲ್ಟಿಮೀಟರ್ ಸಾಕು. ಕೀ ತಿರುಗಿಸಿ, ಪ್ಲಗ್ಗುಗಳ ತಲೆಯನ್ನು ಜೋಡಿಸಿರುವ ಪಟ್ಟಿಗೂ ಎಂಜಿನ್ ಮೈಗೂ ನಡುವೆ ವೋಲ್ಟ್ ನೋಡಿ. ಎಂಜಿನ್ ತಣ್ಣಗಿರಲಿ. ಹಳೇ ಗಾಡಿಯಲ್ಲಿ ಹೆಚ್ಚುಕಡಿಮೆ ಬ್ಯಾಟರಿಯ ವೋಲ್ಟೇ ಬರಬೇಕು. ಏನೂ ಬರದಿದ್ದರೆ ಪ್ಲಗ್ ಕೊಳ್ಳುವ ಮಾತೇ ಇಲ್ಲ: ದಪ್ಪ ಫ್ಯೂಸ್ ಹೋಗಿದೆ, ಇಲ್ಲ ಪ್ಲಗ್ಗುಗಳಿಗೆ ಕರೆಂಟ್ ಬಿಟ್ಟು ನಿಲ್ಲಿಸುವ ಸ್ವಿಚ್ಚು, ಅಂದರೆ ರಿಲೇ ಹೋಗಿದೆ. ನಾಲ್ಕೂ ಒಟ್ಟಿಗೆ ಒಂದೇ ರಾತ್ರಿ ಸಾಯುವುದು ಅಪರೂಪ ಕಣಪ್ಪಾ.

ವೋಲ್ಟ್ ಬಂದರೆ ಬ್ಯಾಟರಿಯ ಮೈನಸ್ ಬಿಚ್ಚಿ, ಪಟ್ಟಿಯನ್ನೂ ತೆಗೆಯಿರಿ. ಪಟ್ಟಿ ತೆಗೆಯದೆ ಅಳೆದರೆ ನಾಲ್ಕರ ಲೆಕ್ಕವೂ ಕಲಸಿ ಬರುತ್ತದೆ. ಮೀಟರನ್ನು ಓಮ್‌ಗೆ ತಿರುಗಿಸಿ, ಎರಡು ಕಡ್ಡಿ ಒಂದಕ್ಕೊಂದು ತಾಗಿಸಿ, ಬಂದ ಅಂಕಿ ನೆನಪಿಟ್ಟುಕೊಳ್ಳಿ. ಆಮೇಲೆ ಒಂದು ಕಡ್ಡಿ ಪ್ಲಗ್ಗಿನ ತಲೆಗೆ, ಇನ್ನೊಂದು ಎಂಜಿನ್ ಮೈಗೆ. ಮೊದಲಿನ ಅಂಕಿ ಕಳೆದು 1 ಓಮ್ ಆಸುಪಾಸು ಉಳಿದರೆ ಪ್ಲಗ್ ಬದುಕಿದೆ. ಮೀಟರ್ ಅಲ್ಲಾಡದಿದ್ದರೆ ಒಳಗಿನ ತಂತಿ ಕಡಿದಿದೆ. ಒಂದು ಸತ್ತಿದ್ದರೆ ಒಂದು ತನ್ನಿ. ಎರಡು ಸತ್ತಿದ್ದು, ಉಳಿದೆರಡಕ್ಕೂ ಅಷ್ಟೇ ವಯಸ್ಸಾಗಿದ್ದರೆ ಆಗ ಮಾತ್ರ ಗ್ಯಾರೇಜಿನವರ ಮಾತು ಕೇಳಿ.

ಇನ್ನು ನಿಮ್ಮ ಅಣ್ಣನ ಹೆದರಿಕೆ. ಪ್ಲಗ್ ಸಣ್ಣ ಕಡ್ಡಿ. ತುದಿಯಲ್ಲಿ ಮಸಿ ಕಟ್ಟಿ ತೂತಿಗೆ ಅಂಟಿಕೊಂಡಿರುತ್ತದೆ. ಉದ್ದನೆ ಹಿಡಿ ಹಾಕಿ ಜಗ್ಗಿದರೆ ನಡುವೆ ತುಂಡಾಗುತ್ತದೆ. ಅದಕ್ಕೇ ತಣ್ಣಗಿರುವ ಎಂಜಿನ್ನಿಗೆ ಕೈ ಹಾಕಬೇಡಿ. ಹಿಂದಿನ ಸಂಜೆ ಪ್ಲಗ್ಗಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಮಾರನೇ ದಿನ ಮಾರ್ಕೆಟ್ಟಿನಿಂದ ಬಂದು, ಎಂಜಿನ್ ಇನ್ನೂ ಬಿಸಿಯಿರುವಾಗಲೇ ಕೆಲಸ ಶುರು ಮಾಡಿ. ಕೈಗೆ ದಪ್ಪ ಗ್ಲೌಸ್ ಇರಲಿ. ಸುತ್ತಲಿನ ಮಣ್ಣು, ಮರಳನ್ನು ಗಾಳಿ ಹೊಡೆದು ಹಾರಿಸಿ, ತೂತಿನೊಳಕ್ಕೆ ಬಿದ್ದರೆ ನೇರ ಪಿಸ್ಟನ್ನಿನ ಕಡೆಗೇ ಪಯಣ. ಡೀಪ್ ಸಾಕೆಟ್ ನೆಟ್ಟಗೆ ಕೂರಲಿ, ಓರೆಯಾಗಿ ತಿರುಗಿಸಲೇಬೇಡಿ.

ತಿರುಗಿಸುವ ಬಲ ಅಳೆಯುವ ಟಾರ್ಕ್ ರೆಂಚ್ ಯಾರ ಹತ್ತಿರವಾದರೂ ಕೇಳಿ ತನ್ನಿ, ಎಡಕ್ಕೂ ಕೆಲಸ ಮಾಡುವಂಥದ್ದು. 10 ಎಂಎಂ ತಿರುಪಿನ ಪ್ಲಗ್ ಬಿಚ್ಚುವಾಗ 35 ನ್ಯೂಟನ್ ಮೀಟರ್ ದಾಟಬಾರದು, 8 ಎಂಎಂ ಆದರೆ 20. ಅಷ್ಟಕ್ಕೆ ಬಿಡಲಿಲ್ಲವೋ, ನಿಲ್ಲಿಸಿ. ಎಣ್ಣೆ ಬಿಟ್ಟು, ಎಂಜಿನ್ ಮತ್ತೆ ಕಾಯಿಸಿ, ಚೂರು ಬಿಗಿ ಮಾಡಿ ಚೂರು ಸಡಿಲ ಮಾಡುತ್ತಾ ಬನ್ನಿ. ಆಗಲೂ ಬಿಡದಿದ್ದರೆ ಸತ್ತ ಪ್ಲಗ್ ಅಲ್ಲೇ ಇರಲಿ ಬಿಡಿ. ಮೂರು ಪ್ಲಗ್ಗಿನಲ್ಲೂ ನಮ್ಮ ಚಳಿಗೆ ಗಾಡಿ ಹಿಡಿಯುತ್ತದೆ. ಆ ಒಂದನ್ನು ಬಿಡಿಸುವ ಸಲಕರಣೆ ಇರುವ ಕಡೆ ಪುರಸೊತ್ತಾಗಿ ತೋರಿಸಿದರಾಯಿತು. ಇಷ್ಟೆಲ್ಲ ಆಗಿಯೂ ಮುರಿದು ತುದಿ ಒಳಗೇ ಉಳಿದರೆ, ಸೆಲ್ಫ್ ಮುಟ್ಟಬೇಡಿ. ಎಳೆಸಿಕೊಂಡೇ ಹೋಗಿ.

ಬಿಚ್ಚಿದ ಪ್ಲಗ್ಗನ್ನು ಗುಜರಿಗೆ ಎಸೆಯಬೇಡಿ, ತುದಿ ನೋಡಿ. ಮಾಮೂಲಿ ಮಸಿಯಿದ್ದರೆ ಸರಿ. ನೆನೆಹಾಕಿದ ಕಡಲೆಯ ಹಾಗೆ ಊದಿದ್ದರೆ ಹೆಚ್ಚು ವೋಲ್ಟ್ ಬಂದಿರಬಹುದು, ಇಲ್ಲ ರಿಲೇ ಆಫ್ ಆಗದೆ ಪ್ಲಗ್ ಸುಮ್ಮನೆ ಕಾಯುತ್ತಲೇ ಇದ್ದಿರಬಹುದು. ತುದಿ ಕರಗಿ ಸವೆದಿದ್ದರೆ ಆ ಸಿಲಿಂಡರಿನ ಇಂಜೆಕ್ಟರ್ ಮೇಲೆ ಗುಮಾನಿ ಇಡಿ. ಅದನ್ನು ಸರಿ ಮಾಡದೆ ಹೊಸ ಪ್ಲಗ್ ಹಾಕಿದರೆ ಅದಕ್ಕೂ ಅದೇ ಗತಿ.

ಅಂಗಡಿಗೆ ಹಳೇದನ್ನು ಕೈಯಲ್ಲಿ ಹಿಡಿದೇ ಹೋಗಿ. ಪಾರ್ಟ್ ನಂಬರ್, ಉದ್ದ, ಮೈಮೇಲೆ ಕೊರೆದ ವೋಲ್ಟ್ ಮೂರೂ ಹೊಂದಬೇಕು. ಹೊಸ ಗಾಡಿಗಳಲ್ಲಿ 5, 7 ವೋಲ್ಟಿನವೂ ಇವೆ. 'ಉರೀತದಾ ನೋಡಿ ಕೊಡ್ತೀನಿ' ಅಂತ ಅವನ್ನು ನೇರ ಬ್ಯಾಟರಿಗೆ ಹಿಡಿದರೆ ಅಲ್ಲೇ ಸುಟ್ಟುಹೋಗುತ್ತವೆ.

ತೂತಿನ ಮಸಿ ತೆಗೆಯದೆ ಹೊಸ ಪ್ಲಗ್ ತುರುಕಬೇಡಿ. ಅದಕ್ಕೆಂದೇ ತೂತು ಕೆರೆಯುವ ರೀಮರ್ ಸಿಗುತ್ತದೆ, ತುದಿಗೆ ಗ್ರೀಸ್ ಸವರಿ ತಿರುಗಿಸಿದರೆ ಮಸಿ ಅದಕ್ಕೇ ಅಂಟಿ ಬರುತ್ತದೆ. ಹೊಸದನ್ನು ಬೆರಳಲ್ಲೇ ತಿರುಗಿಸಿ ಕೂರಿಸಿ. 10 ಎಂಎಂ ಆದರೆ 15 ನ್ಯೂಟನ್ ಮೀಟರ್ ಸುತ್ತಮುತ್ತ ಸಾಕು, ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ತಲೆಯ ಪುಟ್ಟ ನಟ್ಟಿಗೆ ಬರೀ 2 ನ್ಯೂಟನ್ ಮೀಟರ್. ಕೆಳಗೆ ಅಷ್ಟು ಜೋಪಾನ ಮಾಡಿ ಇಲ್ಲಿ ಜೋರು ತೋರಿಸಿ ಮುರಿಯುವವರೇ ಜಾಸ್ತಿ.

ಬ್ಯಾಟರಿ? ಸೆಲ್ಫ್ ಚುರುಕಾಗಿ ತಿರುಗುತ್ತಿದ್ದರೆ ಅದರ ತಂಟೆಗೆ ಹೋಗಬೇಡಿ. ಪ್ಲಗ್ ಸರಿಹೋಗುವ ತನಕ ಯಾರಾದರೂ ಪೆಟ್ರೋಲ್ ಬಟ್ಟೆಯನ್ನೋ ಸ್ಪ್ರೇಯನ್ನೋ ಗಾಳಿ ಪೈಪಿಗೆ ಹಿಡಿಯುತ್ತೇನೆ ಎಂದು ಬಂದರೆ ದೂರ ಕಳಿಸಿ. ಒಳಗೆ ಕೆಂಪಗೆ ಕಾದ ಕಡ್ಡಿಯಿದೆ, ಆವಿ ಸಿಡಿದರೆ ಪೈಪೂ ಹೋಗುತ್ತದೆ, ಮುಖವೂ ಹೋಗುತ್ತದೆ.

ಪ್ರಶ್ನೆ: ಡ್ಯಾಶ್‌ಬೋರ್ಡಿನಲ್ಲಿ ಹೀಟರ್ ಪ್ಲಗ್ ಸೂಚಿಸುವ ಸುರುಳಿ ದೀಪ ಬೇಸಿಗೆಯಲ್ಲಿ ಸೆಕೆಂಡಿಗೇ ಆರಿಹೋಗುತ್ತದೆ. ರಿಪೇರಿ ಮಾಡಿಸಬೇಕೆ?
(ಶ್ರೀರಂಗಪಟ್ಟಣದ ಓದುಗರು)

ಉತ್ತರ: ಬೇಡ. ಎಂಜಿನ್ ಎಷ್ಟು ಬಿಸಿಯಿದೆ ಎಂದು ನೋಡಿಯೇ ಅದು ಹೊತ್ತು ಕಡಿಮೆ ಮಾಡುತ್ತದೆ. ಚಳಿಗಾಲದ ಮುಂಜಾನೆಯೂ ಹಾಗೇ ಆರಿದರೆ ಆಗ ಬರೆಯಿರಿ.

ಪ್ರಶ್ನೆ: ನಮ್ಮ ದೊಡ್ಡ ಲಾರಿಯ ಎಂಜಿನ್ ಪೂರ್ತಿ ಹುಡುಕಿದರೂ ಹೀಟರ್ ಪ್ಲಗ್ ಸಿಗಲಿಲ್ಲ. ಎಲ್ಲಿರುತ್ತದೆ?
(ಮೈಸೂರಿನ ಲಾರಿ ಮಾಲೀಕರು)

ಉತ್ತರ: ಇರುವುದೇ ಇಲ್ಲ ಸ್ವಾಮಿ. ಡೀಸೆಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ದೊಡ್ಡ ಲಾರಿಗಳ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿಗೆ ಸಾಮಾನ್ಯವಾಗಿ ಅದನ್ನು ಹಾಕುವುದಿಲ್ಲ. ಹಿಮ ಬೀಳುವ ಕಡೆ ಓಡುವ ಕೆಲವು ಎಂಜಿನ್ನುಗಳಲ್ಲಿ ಸಿಲಿಂಡರಿಗೆ ಹೋಗುವ ಗಾಳಿಯನ್ನೇ ಕಾಯಿಸುವ ಹೀಟರ್ ಇರುತ್ತದೆ. ಮೈಸೂರಿನಲ್ಲಿ ನಿಮಗೆ ಅದೂ ಬೇಕಾಗುವುದಿಲ್ಲ.