ಚಂದ್ರ ಒಣಗುವವರೆಗೆ ಬಣ್ಣದ ಡಬ್ಬ ತೆಗೆಯಬೇಡಿ

ಎರಡು ದಿನ ರಜೆ, ಮೂಲೆಯಲ್ಲಿ ಗುಡ್ಡೆ ಹಾಕಿಟ್ಟ ರಟ್ಟಿನ ಡಬ್ಬ, ಬಾಟಲಿ, ಹಳೇ ಪತ್ರಿಕೆ. ಮನೆಯಲ್ಲಿ ಆರರ ಮಗಳು, ಎರಡರ ಮಗ. ಅವರನ್ನೂ ಸೇರಿಸಿಕೊಂಡು ಅವರ ಕೋಣೆ ಸಿಂಗರಿಸಬೇಕು, ಥೀಮ್ ಆಕಾಶ ಇರಲೋ ಕಾಡು ಇರಲೋ ಅಂತ ಕೇಳಿದ್ದೀರಿ. ಆಕಾಶ ನಾನು ಮಾಡಿ ನೋಡಿದ್ದೇನೆ. ಕೊನೆಗೆ ಗೋಡೆಗೆ ಹೊಸದಾಗಿ ಬಣ್ಣ ಹೊಡೆಸಬೇಕಾಯಿತು.

ನನ್ನ ಮಗಳಿಗೂ ಆಗ ಆರು. ಚಂದ್ರ ಬೇಕು ಅಂದಳು. ರಟ್ಟಿನಲ್ಲಿ ದುಂಡಗೆ ಕತ್ತರಿಸಿ ಕೊಟ್ಟರೆ ಮುಖ ಸಿಂಡರಿಸಿದಳು. "ಅಪ್ಪಾ, ತಬ್ಬಿಕೊಳ್ಳೋಕಾಗೋ ಚಂದ್ರ" ಅಂತ ಹಟ. ಸರಿ, ಒಂದು ಅಡಿಗಿಂತ ದಪ್ಪದ ಬಲೂನು ಊದಿ, ಅದರ ಮೇಲೆ ಮೈದಾ ಅಂಟಿನಲ್ಲಿ ಅದ್ದಿದ ಪತ್ರಿಕೆ ಚೂರುಗಳನ್ನು ಅಂಟಿಸುತ್ತಾ ಕೂತೆವು. ಮೊಟ್ಟೆ ಇಡುವ ಕಾಗದದ ಟ್ರೇ ನೆನೆಹಾಕಿ, ಹಿಂಡಿ, ಕಿವುಚಿ ಚಂದ್ರನ ಕುಳಿಗಳ ದಂಡೆ ಕಟ್ಟಿದ್ದು ಅವಳೇ. ಆ ಮಧ್ಯಾಹ್ನ ನಿಜಕ್ಕೂ ಚೆನ್ನಾಗಿತ್ತು. ಕೆಟ್ಟದ್ದು ಆಮೇಲೆ.

ಭಾನುವಾರ ನೆಂಟರು ಬರುವವರಿದ್ದರು, ಅಷ್ಟರಲ್ಲಿ ಕೋಣೆ ತಯಾರಾಗಬೇಕು ಅನ್ನುವುದು ನನ್ನ ತಲೆಯಲ್ಲಿ. ಮಗಳಿಗೆ ಅಂಥ ಆತುರ ಏನೂ ಇರಲಿಲ್ಲ. ಅವಳು ಮಲಗಿದ ಮೇಲೆ ನಾನೊಬ್ಬನೇ ಕೂತು, ಮೂರು ಪದರ ಇದ್ದದ್ದನ್ನು ಎಂಟು ಮಾಡಿದೆ. ಗಟ್ಟಿಯಾಗಲಿ ಅಂತ. ನಂತರ ಫ್ಯಾನ್ ಹಾಕಿ, ತಲೆಗೂದಲು ಒಣಗಿಸುವ ಡ್ರೈಯರ್ ಹಿಡಿದೆ. ಬೆಳಿಗ್ಗೆ ಮುಟ್ಟಿದರೆ ಹೊರಗೆ ಗರಿಗರಿ. ಹೆಂಡತಿ ಎರಡು ಸಲ "ಇನ್ನೂ ಭಾರ ಇದೆ ಕಣ್ರೀ, ಒಣಗಲಿ ಬಿಡಿ" ಅಂದಳು. ನಾನು ಬಿಡಲಿಲ್ಲ. ಕಿಟಕಿಗೆ ಹೊಡೆದು ಮಿಕ್ಕಿದ್ದ ಆಯಿಲ್ ಪೇಂಟ್ ತಂದು ಬಳಿದೇಬಿಟ್ಟೆ.

ಇಲ್ಲಿ ನಡೆದದ್ದೇನು ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಂಟಿನಲ್ಲಿ ಅದ್ದಿದ ಕಾಗದ ಅಂದರೆ ನೀರು ಕುಡಿದ ಕಾಗದ. ಎಂಟು ಪದರದ ಆ ನೀರೆಲ್ಲ ಆಚೆ ಹೋಗಬೇಕು. ಒಳಮಗ್ಗುಲಲ್ಲಿ ಬಲೂನಿನ ರಬ್ಬರು ಇದೆ, ಅಲ್ಲಿಂದ ತೇವ ಹೋಗುವ ಮಾತೇ ಇಲ್ಲ. ಉಳಿದ ದಾರಿ ಹೊರಮೈ ಒಂದೇ. ಡ್ರೈಯರ್ ಹಿಡಿದಾಗ ಒಣಗಿದ್ದು ಮೇಲಿನ ಒಂದೆರಡು ಪದರ ಮಾತ್ರ. ಅದರ ಜೊತೆ ಬಿಸಿಗೆ ಬಲೂನಿನ ಗಾಳಿ ಹಿಗ್ಗಿತು, ತಣ್ಣಗಾದಾಗ ಕುಗ್ಗಿತು, ಒಳಗಿನ ಒದ್ದೆ ಪದರ ಕಳಚಿ ಜೋತುಬಿತ್ತು. ಅದು ನನಗೆ ಹೊರಗಿನಿಂದ ಕಾಣಲಿಲ್ಲ. ಅದರ ಮೇಲೆ ಆಯಿಲ್ ಪೇಂಟ್ ಬಳಿದು ಇದ್ದೊಂದು ದಾರಿಗೂ ಬೀಗ ಹಾಕಿದೆ. ಒಳಗೆ ನೀರು, ಮೈದಾ, ಕತ್ತಲು, ಬೆಚ್ಚನೆ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕಾ? ಅಂಟಿಗೆ ಉಪ್ಪು ಹಾಕಿದ್ದೆ. ಉಪ್ಪು ಬೂಷ್ಟನ್ನು ಸ್ವಲ್ಪ ತಡ ಮಾಡೀತು, ಒಣಗದೆ ಉಳಿದದ್ದನ್ನು ಕಾಪಾಡುವುದಿಲ್ಲ.

ನೆಂಟರು ಬಂದರು, ಹೊಗಳಿದರು, ಹೋದರು. ವಾರ ಕಳೆದ ಮೇಲೆ ಕೋಣೆಯಲ್ಲಿ ಒದ್ದೆ ಚಾಪೆಯ ವಾಸನೆ. ಚಾಪೆ ಒಗೆದೆವು, ಕಪಾಟು ಖಾಲಿ ಮಾಡಿ ಒರೆಸಿದೆವು. ಮೂರನೇ ವಾರ ಕುಳಿಗಳ ಸುತ್ತ ಕಪ್ಪು ಚುಕ್ಕೆ ಎದ್ದಿತು. "ಚಂದ್ರನಿಗೆ ಅಮ್ಮ ಬಂದಿದೆಯಾ?" ಅಂದಳು ಮಗಳು. ಕೆಳಗಿಳಿಸಿದರೆ ತಾಗಿಕೊಂಡಿದ್ದ ಗೋಡೆಯ ಮೇಲೆ ತಟ್ಟೆಯಗಲ ಕಲೆ. ಸಾಲದ್ದಕ್ಕೆ ಅದನ್ನು ಆ ಕೋಣೆಯಲ್ಲೇ ಕತ್ತರಿಸಿದೆ. ಹಸಿರು-ಕಪ್ಪು ಪುಡಿ ಹಾಸಿಗೆಯ ಮೇಲೆಲ್ಲ ಹಾರಿತು. ಹಾಗೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಆಚೆ ಒಯ್ಯಬೇಕಿತ್ತು. ಅದೇ ಅಂಟಿನಿಂದ ಮಾಡಿದ ನಕ್ಷತ್ರಗಳ ಹಿಂದೆ, ಹಳೇ ಪುಸ್ತಕಗಳ ನಡುವೆ ಓಡಾಡುತ್ತವಲ್ಲ, ಆ ಬೆಳ್ಳಿ ಬಣ್ಣದ ಹುಳಗಳು ಸೇರಿದ್ದವು. ಪಿಷ್ಟ ಅವಕ್ಕೆ ಹಬ್ಬದೂಟ. ಅವನ್ನೂ ಕಿತ್ತೆ. ಮಗಳು ಶಾಲೆಯಿಂದ ಬರುವಷ್ಟರಲ್ಲಿ ಎಲ್ಲ ಕಸಕ್ಕೆ ಹೋಗಿತ್ತು. ಅವಳು ಅಳಲಿಲ್ಲ. ಒಂದು ವರ್ಷ ಕತ್ತರಿ ಮುಟ್ಟಲಿಲ್ಲ, ಅಷ್ಟೇ.

ಈಗ ನಿಮ್ಮ ಪ್ರಶ್ನೆಗೆ. ಥೀಮ್ ಬೇಡ. ಥೀಮ್ ಅಂದ ಕೂಡಲೇ ಮಗು ಮಾಡಿದ ಹಸಿರು ಆನೆ "ಹೊಂದುವುದಿಲ್ಲ" ಅನಿಸಿ, ರಾತ್ರಿ ನೀವು ಎದ್ದು ಕೂತು ಸರಿಮಾಡುತ್ತೀರಿ. ನಾನು ಮಾಡಿದ್ದೂ ಅದನ್ನೇ. ಎರಡು ದಿನದ ಗಡುವೂ ಬೇಡ. ಇಡೀ ಕೋಣೆಯಂತೂ ಬೇಡವೇ ಬೇಡ, ಒಂದೇ ಒಂದು ವಸ್ತು ಸಾಕು. ಇನ್ನೊಂದು ಮಾತು, ಇದಕ್ಕೆ ನೀವು ಸಿಟ್ಟಾದರೂ ಪರವಾಗಿಲ್ಲ: ಒಂದು ಹಳೇ ಡಬ್ಬ ಚಂದ ಮಾಡಲು ಗ್ಲಿಟರ್, ಸ್ಪ್ರೇ ಪೇಂಟ್, ಗ್ಲೂ ಗನ್ ಅಂತ ನಾಲ್ಕು ಹೊಸ ಸಾಮಾನು ತರುವುದಾದರೆ ಅದು ಮರುಬಳಕೆಯಲ್ಲ. ಸಾದಾ ರಟ್ಟು ರದ್ದಿಗೆ ಹೋದರೆ ಮತ್ತೆ ಕಾಗದವಾಗುತ್ತದೆ. ಆಯಿಲ್ ಪೇಂಟ್, ಗ್ಲಿಟರ್ ಮೆತ್ತಿದ ರಟ್ಟನ್ನು ರದ್ದಿಯವನೂ ಮುಟ್ಟುವುದಿಲ್ಲ.

ಕಾಗದದ ಕೆಲಸವೇ ಮಾಡುವುದಾದರೆ, ಒಂದು ಸಲಕ್ಕೆ ಎರಡೇ ಪದರ, ಅದು ಪೂರ್ತಿ ಒಣಗಿದ ಮೇಲೆ ಮುಂದಿನದು. ಒಂದು ಪದರ ಅಕ್ಷರದ ಕಾಗದ, ಮತ್ತೊಂದು ಬಿಳಿ ಕಾಗದ ಇಟ್ಟುಕೊಂಡರೆ ಎಲ್ಲಿ ಬಿಟ್ಟುಹೋಗಿದೆ ಅಂತ ಮಕ್ಕಳಿಗೇ ಕಾಣುತ್ತದೆ. ಮೈದಾ ಬದಲು ಫೆವಿಕಾಲ್ ಥರದ ಬಿಳಿ ಅಂಟು, ಎರಡು ಪಾಲು ಅಂಟಿಗೆ ಒಂದು ಪಾಲು ನೀರು ಸೇರಿಸಿ. ಆಕಾರ ನಿಂತ ಮೇಲೆ ಬಲೂನು ಒಡೆದು ತೆಗೆದು, ಆ ತೂತು ಮುಚ್ಚದೆ ಬಿಡಿ, ಒಳಗೂ ಗಾಳಿಯಾಡಲಿ. ಒಣಗಿದೆಯೋ ಇಲ್ಲವೋ ತಿಳಿಯಲು ಬೆರಳು ಸಾಲದು. ಕೆನ್ನೆಗೆ ಒತ್ತಿ ನೋಡಿ, ತಣ್ಣಗಿದ್ದರೆ ನೀರು ಇನ್ನೂ ಆರುತ್ತಿದೆ. ಅದಕ್ಕಿಂತ ನೆಚ್ಚಬಹುದಾದದ್ದು ಅಡುಗೆಮನೆಯ ತಕ್ಕಡಿ. ದಿನಾ ತೂಗಿ, ತೂಕ ಇಳಿಯುವುದು ನಿಂತರೆ ಒಣಗಿದ ಹಾಗೆ.

ರಟ್ಟಿಗೂ ಇದೇ ಜಾತಕ. ಒಂದೇ ಮಗ್ಗುಲಿಗೆ ಅಂಟು ಬಳಿದು ಕಾಗದ ಹಚ್ಚಿದರೆ ಒಣಗುವಾಗ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಹಿಂದೂ ಮುಂದೂ ಕಾಗದ ಹಚ್ಚಿ, ಭಾರ ಹೇರಿ ಇಡಿ. ಚಿಕ್ಕ ಕಪಾಟು ಮಾಡುವುದಾದರೆ ರಟ್ಟಿನೊಳಗಿನ ಅಲೆಗಳು ನೆಟ್ಟಗೆ ಮೇಲಿನಿಂದ ಕೆಳಕ್ಕೆ ಬರುವಂತೆ ನಿಲ್ಲಿಸಿ, ಅಡ್ಡ ಇಟ್ಟರೆ ಭಾರಕ್ಕೆ ಕುಸಿಯುತ್ತದೆ.

ಎರಡು ವರ್ಷದ ಮಗ ಇದ್ದಾನೆ ಅಂದಿರಿ. ಹಾಗಾದರೆ ಗುಂಡಿ, ಮಣಿ, ಬಾಟಲಿ ಮುಚ್ಚಳ ಅಂಟಿಸುವ ಯೋಚನೆ ಬಿಡಿ, ಅವನು ಕೀಳುತ್ತಾನೆ, ಬಾಯಿಗೆ ಹಾಕುತ್ತಾನೆ. ಟಾಯ್ಲೆಟ್ ಪೇಪರ್ ಸುರುಳಿಯ ರಟ್ಟಿನ ಕೊಳವೆಯೊಳಗೆ ಹೋಗುವ ಯಾವುದೂ ಅವನ ಕೈಗೆ ಸಿಗಬಾರದು. ಗುಂಡಿಯಾಕಾರದ ಬ್ಯಾಟರಿಯ ದೀಪಗಳು ಬೇಡ, ನುಂಗಿದರೆ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ. ಮಂಚದ ಹತ್ತಿರ ಇಳಿಬಿಟ್ಟ ದಾರವೂ ಬೇಡ. ಹಳೇ ಸಿಡಿ ಕತ್ತರಿಸಲು ಹೋಗಬೇಡಿ, ಚೂಪು ಚೂರುಗಳಾಗಿ ಸಿಡಿಯುತ್ತದೆ. ಎಷ್ಟು ಹಳೆಯದೋ ಗೊತ್ತಿಲ್ಲದ ಬಣ್ಣದ ಡಬ್ಬ ಇದ್ದರೆ ಮುಟ್ಟಬೇಡಿ, ಸೀಸ ಇರಬಹುದು.

ಮಗಳು ಮತ್ತೆ ಕತ್ತರಿ ಹಿಡಿದಾಗ ಮೊದಲು ಮಾಡಿದ್ದು ಒಂದು ರಟ್ಟಿನ ಹಲಗೆ, ಅದಕ್ಕೆ ಬಟ್ಟೆ ಸಿಕ್ಕಿಸುವ ಕ್ಲಿಪ್ಪುಗಳು. ಬೇಕಾದ ಚಿತ್ರ ಸಿಕ್ಕಿಸು, ಬೇಜಾರಾದರೆ ತೆಗೆ. ಅದು ಈಗಲೂ ಗೋಡೆಯ ಮೇಲಿದೆ, ಸ್ವಲ್ಪ ಸೊಟ್ಟಗೆ. ಕಲೆ ಇದ್ದ ಜಾಗದಲ್ಲೇ.

ಹೋದ ವರ್ಷ ಎರಡನೇ ಚಂದ್ರ ಬಂತು. ಮಗಳ ತಮ್ಮ ಕೇಳಿದ ಅಂತ ಅವಳೇ ಶುರು ಮಾಡಿದಳು, ಅವನು ಕಾಗದ ಹರಿದು ಕೊಟ್ಟ, ನಾನು ಬಲೂನು ಊದಿದೆ, ಅಷ್ಟೇ. ಕೊನೆಯ ಪದರ ಹಚ್ಚಿದ ಮೇಲೆ ತಕ್ಕಡಿ ತಂದು ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ದಿನಕ್ಕೊಂದು ಅಂಕಿ ಬರೆದಳು: 310, 262, 241, 236. ಆ ದಿನ ನಾನು ಬಣ್ಣ ತರಲೇ ಅಂತ ಕೇಳಿದೆ. ನಾಳೆ ನೋಡೋಣ ಅಂದಳು. ಮರುದಿನವೂ 236 ಬಂತು. ತಮ್ಮ ನೇರಳೆ ಬಣ್ಣ ಆರಿಸಿದ.